ನಿಮಗಿದು ಗೊತ್ತೇ? ಬಾಟಲಿ ಬಿಟ್ಟವರ ತಟ್ಟೆ

● ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಆಲ್ಕೊಹಾಲ್‌ನಲ್ಲಿ 7. 180 ಎಂ.ಎಲ್.ನ ಒಂದು ಕ್ವಾರ್ಟರ್ ವಿಸ್ಕಿ ಇಳಿಸಿದರೆ 400ಕ್ಕೂ ಹೆಚ್ಚು ಕ್ಯಾಲೊರಿ ಒಳಗೆ ಹೋಯಿತು ಅಂತಲೇ ಲೆಕ್ಕ. ಹತ್ತಿರಹತ್ತಿರ ನಾಲ್ಕು ಚಪಾತಿಯಷ್ಟು. ಪ್ರೋಟೀನು, ವಿಟಮಿನ್ನು ಮಾತ್ರ ಸೊನ್ನೆ. ನಂಜಿಕೊಂಡ ಕಾಂಗ್ರೆಸ್ ಕಡಲೆಕಾಯಿ, ಕಬಾಬು ಇದರಲ್ಲಿ ಸೇರಿಲ್ಲ!

● ಕುಡಿತ ಕಡಿಮೆ ಮಾಡಿದವರಿಗೆ ಸಿಹಿಯ ಚಪಲ ಹತ್ತುವುದು ಮಾಮೂಲು. ಮದುವೆಮನೆಯಲ್ಲೂ ಹೋಳಿಗೆ ಮುಟ್ಟದವರು ರಾತ್ರಿ ಹತ್ತಕ್ಕೆ ಬೆಲ್ಲದ ಡಬ್ಬಿಗೆ ಕೈಹಾಕುತ್ತಾರೆ. ಕುಡಿತ ಬಿಡುವವರ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಂಘ 1939ರಲ್ಲಿ ತಂದ ಪುಸ್ತಕದಲ್ಲೇ, ಸಿಹಿ ತಿಂದರೆ ಎಷ್ಟೋ ಸಲ ಅನುಕೂಲವಾಗುತ್ತದೆಂಬ ವೈದ್ಯರೊಬ್ಬರ ಸಲಹೆ ಇದೆ. ಆದ್ದರಿಂದ ಮನೆಯವರೇ, "ಈ ವಯಸ್ಸಲ್ಲಿ ಚಾಕೊಲೇಟಾ?" ಎಂದು ಹಂಗಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಬಾಯಿಗೆ ಹಾಕಿಕೊಳ್ಳಬೇಕು.

● ಅದೇ ಎ.ಎ. ಹುಟ್ಟಿದ್ದೇ ಒಂದು ಎಡವಟ್ಟಿನ ಬೆನ್ನಿಗೆ. ಅಮೆರಿಕದ ಆಕ್ರನ್ ಊರಿನ ಸರ್ಜನ್ ಡಾ. ಬಾಬ್ ಸ್ಮಿತ್ 1935ರ ಮೇ ತಿಂಗಳಲ್ಲಿ, ಮುಂದೆ ತಮ್ಮೊಡನೆ ಎ.ಎ. ಕಟ್ಟಿದ ಬಿಲ್ ವಿಲ್ಸನ್‌ರನ್ನು ಭೇಟಿಯಾದ ಮೇಲೆ ಕುಡಿತ ನಿಲ್ಲಿಸಿದ್ದರು. ಕೆಲವೇ ವಾರ. ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆಂದು ರೈಲು ಹತ್ತಿದವರು ಮೈಮೇಲೆ ಎಚ್ಚರವಿಲ್ಲದಷ್ಟು ಕುಡಿದು ವಾಪಸಾದರು. ಬಿಲ್ ಬೈಯಲಿಲ್ಲ. ಪಕ್ಕದಲ್ಲೇ ಕೂತು ಟೊಮೆಟೊ, ಹುಳಿಬರಿಸಿದ ಎಲೆಕೋಸು, ಮೆಕ್ಕೆಜೋಳದ ಸಿರಪ್ಪು ತಿನ್ನಿಸಿದರು (ಏನು ಕಾಂಬಿನೇಷನ್ನೋ!). ಆಪರೇಷನ್ ಇದ್ದ ದಿನ ಬೆಳಿಗ್ಗೆ ಕೈನಡುಕ ನಿಲ್ಲಲೆಂದು ಒಂದು ಬಿಯರನ್ನೂ ಕೊಟ್ಟರು. ಬಾಬ್ ಕುಡಿದ ಕೊನೆಯ ಬಿಯರ್ ಅದು. 1950ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮುಟ್ಟಲಿಲ್ಲ. ಆ ದಿನ ಜೂನ್ 10 ಎಂದು ಎ.ಎ. ಅದನ್ನೇ ತನ್ನ ಹುಟ್ಟುಹಬ್ಬವಾಗಿ ಆಚರಿಸುತ್ತದೆ.

● "ಹೇಗೂ ಕೆಟ್ಟಾಯ್ತು, ಇನ್ನೊಂದು ಹಾಕು!" ಒಂದು ಪೆಗ್ಗಿನ ತಪ್ಪನ್ನು ಒಂದು ವಾರದ ಕುಡಿತವಾಗಿಸುವುದು ಈ ಮಾತೇ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನು ಜೀವಮಾನವಿಡೀ ಅಧ್ಯಯನ ಮಾಡಿದರು. ಒಮ್ಮೆ ಜಾರುವುದೇ ಬೇರೆ, ಹಳೇ ಚಾಳಿಗೆ ಪೂರ್ತಿ ಮರಳುವುದೇ ಬೇರೆ ಎಂದರು.

● ಹಸಿವಾದಾಗ ಕುಡಿಯುವ ಆಸೆಯೂ ಕೆರಳುತ್ತದೆ. ಸಂಜೆ ಆರಕ್ಕೇ ಬೇಯಿಸಿದ ಕಡಲೆಕಾಯಿಯೋ ಉಸಲಿಯೋ ಹೊಟ್ಟೆಗೆ ಬಿದ್ದಿದ್ದರೆ ಏಳೂವರೆಯ ಫ್ರೆಂಡ್ಸ್ ಫೋನಿಗೆ "ಇವತ್ತು ಬೇಡ ಮಾರಾಯ" ಎನ್ನುವುದು ಸುಲಭ.

● ಮದ್ಯವು ಬಿ1 ವಿಟಮಿನ್ನು ಮೈಗೆ ಹತ್ತಲು ಬಿಡುವುದಿಲ್ಲ. ದೇಹದ ದಾಸ್ತಾನು ಕೆಲವೇ ವಾರಕ್ಕೆ ಖಾಲಿ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲೂ ಅದು ಅಷ್ಟಕ್ಕಷ್ಟೆ. ಅನ್ನ ಬಸಿದರೆ ಉಳಿದದ್ದೂ ನೀರುಪಾಲು. ಕರಾವಳಿಯ ಕುಚ್ಚಲಕ್ಕಿ ಇಲ್ಲಿ ವಾಸಿ: ಭತ್ತವನ್ನು ಬೇಯಿಸುವಾಗಲೇ ತೌಡಿನ ಬಿ1 ಕಾಳಿನೊಳಗೆ ಇಳಿದಿರುತ್ತದೆ. ವರ್ಷಗಟ್ಟಲೆ ಕುಡಿದವರಿಗೆ ಗಂಜಿಯೊಂದೇ ಸಾಲದು, ಡಾಕ್ಟರು ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ಬರೆಯಬೇಕಾಗುತ್ತದೆ.

● ದಿನಾ ಬೆಳಿಗ್ಗೆಯೇ ಶುರುಮಾಡುವವರು "ನಾಳೆಯಿಂದ ಬಂದ್" ಎಂದು ಏಕಾಏಕಿ ನಿಲ್ಲಿಸಬಾರದು. ಮೊದಲೆರಡು ದಿನದಲ್ಲೇ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಹತ್ತಿ ಜೀವಕ್ಕೇ ಕುತ್ತಾಗಬಹುದು. ಮೊದಲು ಆಸ್ಪತ್ರೆಗೆ ಹೋಗಿ. ಫೋನಿನಲ್ಲಿ ಸಲಹೆ ಬೇಕಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ.

● ಕುಡಿದ ಕನಸು ಬಿದ್ದು ಬೆವರಿ ಎದ್ದಿರಾ? ಬಿಟ್ಟವರಲ್ಲಿ ಬಹಳ ಮಂದಿಗೆ ಬೀಳುತ್ತದೆ. ಕನಸಿನ ಪೆಗ್ಗು ಲೆಕ್ಕಕ್ಕಿಲ್ಲ.

● ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ "ಬಿಡಿಸುವ ಮಾತ್ರೆ" ಬೆರೆಸುವ ಮನೆಗಳಿವೆ. ಡೈಸಲ್ಫಿರಾಂ ಎಂಬ ಆ ಮಾತ್ರೆ ಒಳಗಿರುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಡವಗುಟ್ಟಿ, ಬಿಪಿ ಇಳಿದು ಪ್ರಾಣಾಪಾಯವಾದದ್ದೂ ಉಂಟು. ಮದ್ಯಸಾರ ಇರುವ ಕೆಮ್ಮಿನ ಸಿರಪ್ಪೂ ಈ ಮಾತ್ರೆ ನುಂಗಿದವರಿಗೆ ವರ್ಜ್ಯ. ತಾನು ಏನು ನುಂಗುತ್ತಿದ್ದೇನೆಂದೇ ತಿಳಿಯದವನು ಸಿರಪ್ಪಿನ ಲೇಬಲ್ಲನ್ನೇಕೆ ಓದುತ್ತಾನೆ?