‘ಕರೆಂಟ್’ ಕೊಡುವ ಯಂತ್ರ: ಅಪಾಯ ಎಲ್ಲಿದೆ, ಎಲ್ಲಿಲ್ಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಿಬರುವವರ ಮನೆಗಳಲ್ಲಿ ಒಂದು ಅಂಜಿಕೆ ಇರುತ್ತದೆ: ‘ಕರೆಂಟ್ (ವಿಕಿರಣ ಚಿಕಿತ್ಸೆ) ಕೊಟ್ಟು ಕಳಿಸಿದ್ದಾರೆ, ಮಕ್ಕಳನ್ನು ಹತ್ತಿರ ಬಿಡಬಹುದೇ?’ ಲೈನ್ಯಾಕ್‌ನಲ್ಲಿ ಚಿಕಿತ್ಸೆ ಆಗಿದ್ದರೆ ಧಾರಾಳವಾಗಿ ಬಿಡಬಹುದು. ಯಾಕೆಂದು ನೋಡೋಣ.

ಏನಿದು ಲೈನ್ಯಾಕ್?

ಪೂರ್ತಿ ಹೆಸರು ಲೀನಿಯರ್ ಆಕ್ಸಿಲರೇಟರ್. ಕಣಗಳನ್ನು ನೇರ ಹಾದಿಯಲ್ಲಿ ಓಡಿಸಿ ವೇಗ ಹೆಚ್ಚಿಸುವ ಯಂತ್ರ. ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಸಮೀಪಕ್ಕೆ ಬಂದು ಟಂಗ್‌ಸ್ಟನ್ ಲೋಹಕ್ಕೆ ಬಡಿಯುತ್ತವೆ. ಆಗ ಬಲವಾದ ಎಕ್ಸ್-ರೇ ಹುಟ್ಟುತ್ತದೆ. ಅದನ್ನು ಗಡ್ಡೆಯ ಆಕಾರಕ್ಕೆ ಹೊಂದಿಸಿ ಬಿಡುತ್ತಾರೆ.

ಅಪಾಯ ಎಲ್ಲಿದೆ?

ಕಿರಣದ ದಾರಿಯಲ್ಲಿ. ರೋಗಿಗೆ ಸಾಮಾನ್ಯವಾಗಿ ದಿನಕ್ಕೆ ಸುಮಾರು 2 ಗ್ರೇ ವಿಕಿರಣ ಕೊಡುತ್ತಾರೆ. ಗ್ರೇ ಎಂದರೆ ವಿಕಿರಣ ಅಳೆಯುವ ಮಾನ. ಗಡ್ಡೆ ಇರುವ ಜಾಗಕ್ಕಷ್ಟೇ ಬೀಳುವುದರಿಂದ ಅದು ಮದ್ದು. 4–5 ಗ್ರೇ ಇಡೀ ಮೈಗೆ ಒಮ್ಮೆಲೇ ಬಿದ್ದರೆ ಪ್ರಾಣಕ್ಕೇ ಕುತ್ತು. 1978ರಲ್ಲಿ ರಷ್ಯಾದ ಪ್ರೊಟ್ವಿನೊದಲ್ಲಿ ಅನಾತೊಲಿ ಬುಗೋರ್ಸ್ಕಿ ಎಂಬ ವಿಜ್ಞಾನಿಯ ತಲೆಯನ್ನು ಸಂಶೋಧನಾ ಯಂತ್ರವೊಂದರ ಪ್ರೋಟಾನ್ ಕಿರಣ ಹಾಯ್ದುಹೋಯಿತು. ಬದುಕಿ ಉಳಿದರೂ ಮುಖದ ಎಡಭಾಗ ಸ್ವಾಧೀನ ತಪ್ಪಿತು, ಎಡಗಿವಿ ಕೇಳಿಸದಾಯಿತು. 1985–87ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಥೆರಾಕ್-25 ಎಂಬ ಚಿಕಿತ್ಸಾ ಯಂತ್ರದ ಸಾಫ್ಟ್‌ವೇರ್ ದೋಷದಿಂದ ರೋಗಿಗಳಿಗೆ ಮಿತಿಮೀರಿದ ವಿಕಿರಣ ಬಿದ್ದು ಸಾವುಗಳೂ ಆದವು.

ಈಗ ರಕ್ಷಣೆ ಹೇಗೆ?

ಯಂತ್ರದ ಕೋಣೆಗೆ ದಪ್ಪ ಕಾಂಕ್ರೀಟ್ ಗೋಡೆ. ಬಾಗಿಲು ತೆರೆದರೆ ಕಿರಣ ತಾನಾಗಿಯೇ ನಿಲ್ಲುತ್ತದೆ. ಇದಕ್ಕೆ ಇಂಟರ್‌ಲಾಕ್ ಎನ್ನುತ್ತಾರೆ. ಒಳಗೂ ಹೊರಗೂ ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿಗಳಿವೆ. ಸಿಬ್ಬಂದಿ ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮೈಕ್‌ನಲ್ಲಿ ಮಾತಾಡುತ್ತಾರೆ. ಅವರ ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಅವರಿಗೆ ತಾಗಿದ ವಿಕಿರಣವನ್ನು ದಾಖಲಿಸುತ್ತದೆ. ದೇಶದಲ್ಲಿ ಇಂಥ ಯಂತ್ರಗಳಿಗೆ ಪರವಾನಗಿ ಕೊಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಬಾಗಿಲ ಮೇಲಿನ ಕೆಂಪು ದೀಪ ಉರಿಯುವಾಗ ಒಳಗೆ ರೋಗಿ ಒಬ್ಬರೇ ಇರಬೇಕು. ಹೊರಗಿನ ಬೆಂಚಿನಲ್ಲಿ ಕೂತ ನಿಮಗೆ ಭಯವಿಲ್ಲ.

ಮನೆಗೆ ಬಂದ ಮೇಲೆ?

ಸ್ವಿಚ್ ಆರಿಸಿದ ಬಲ್ಬಿನ ಬೆಳಕು ಕೋಣೆಯಲ್ಲಿ ಉಳಿಯದ ಹಾಗೆ, ಕಿರಣ ನಿಂತ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡಬಹುದು, ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಮೈಯೊಳಗೆ ವಿಕಿರಣ ಮದ್ದು ಕೊಟ್ಟಿದ್ದರೆ ಮಾತ್ರ ನಿಯಮ ಬೇರೆ, ವೈದ್ಯರನ್ನು ಕೇಳಿ. ಚರ್ಮ ಕಪ್ಪಾಗುವುದು, ಆಯಾಸ ಸಾಮಾನ್ಯ. ಮೈಮೇಲೆ ಹಾಕಿದ ಗುರುತುಗಳನ್ನು ಉಜ್ಜಿ ಅಳಿಸಬೇಡಿ. ಕೇಳದೆ ಎಣ್ಣೆ, ಮುಲಾಮು ಹಚ್ಚಬೇಡಿ. ಗರ್ಭಿಣಿಯಾಗಿದ್ದರೆ, ಪೇಸ್‌ಮೇಕರ್ ಇದ್ದರೆ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ.

ಖರ್ಚು, ಜಾಗ

ಬೆಂಗಳೂರಿನ ಡೈರಿ ವೃತ್ತದ ಬಳಿಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ವರದಿ ಜೊತೆಗಿರಲಿ. ರೆಫರಲ್ ಚೀಟಿ ಬೇಕೇ ಎಂದು ತಾಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಚಿಕಿತ್ಸೆ ಹೆಚ್ಚಾಗಿ ವಾರಕ್ಕೆ ಐದು ದಿನದಂತೆ ಕೆಲವು ವಾರ ನಡೆಯುತ್ತದೆ. ಯಂತ್ರಕ್ಕೆ ಹೆದರಿ ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಜೀವಕೋಶಗಳು ಮತ್ತೆ ಬೆಳೆಯಬಹುದು. ನಿಜವಾಗಿ ಹೆದರಬೇಕಾದದ್ದು ಅದಕ್ಕೆ. ಹೋಗಿಬರುವುದು ಕಷ್ಟವಾದರೆ ತಂಗಲು ವ್ಯವಸ್ಥೆ ಇದೆಯೇ ಎಂದು ಆಸ್ಪತ್ರೆಯಲ್ಲೇ ಕೇಳಿ. ಒಂದು ದಿನವನ್ನೂ ತಪ್ಪಿಸಬೇಡಿ.