ಬೆಟ್ಟ ಹತ್ತಿದರೆ ಹವೆ ಬದಲಾಗುವ ನಾಡು: ಕೊಲಂಬಿಯಾ

ನಮ್ಮ ಬೆಳೆಗಾರ ಬಂಧುಗಳಲ್ಲಿ ಹೊರದೇಶಗಳ ಪ್ರವಾಸಕ್ಕೆ ಹೋಗಿಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಹವೆ ಹಿತವಾಗಿದ್ದು, ನೋಡಲು ವೈವಿಧ್ಯವೂ ಇರುವ ದೇಶ ಯಾವುದೆಂದು ಕೇಳುವುದು ಸಹಜ. ಕಾಫಿ ಬೆಳೆಯುವವರಿಗೆ ಒಪ್ಪುವ ಉತ್ತರವೆಂದರೆ ದಕ್ಷಿಣ ಅಮೆರಿಕದ ಕೊಲಂಬಿಯಾ. ಸೆಕೆ, ಹಿತವಾದ ತಂಪು, ಮೈ ನಡುಗಿಸುವ ಚಳಿ ಮೂರನ್ನೂ ಅಲ್ಲಿ ಒಂದೇ ದಿನದ ಪ್ರಯಾಣದಲ್ಲಿ ಕಾಣಬಹುದು. ಪ್ರವಾಸಿಗೆ ಸೊಗಸೆನಿಸುವ ಆ ಹವೆ ಅಲ್ಲಿನ ಬೆಳೆಗಾರನ ಪಾಲಿಗೆ ವರವೂ ಹೌದು, ಹೊರೆಯೂ ಹೌದು. ಅದು ಹೇಗೆಂಬುದನ್ನು ಇಲ್ಲಿ ತಿಳಿಯೋಣ.

ಎತ್ತರವೇ ಋತು

ಕೊಲಂಬಿಯಾ ಸಮಭಾಜಕ ವೃತ್ತದ ಮೇಲೆಯೇ ಇರುವ ದೇಶ. ಆದ್ದರಿಂದ ಅಲ್ಲಿ ಜನವರಿಗೂ ಜುಲೈಗೂ ಉಷ್ಣಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವೆಲ್ಲ ಎತ್ತರದ್ದು. ಆಂಡೀಸ್ ಪರ್ವತವು ಅಲ್ಲಿ ಮೂರು ಸಾಲುಗಳಾಗಿ ಒಡೆದು ದೇಶದ ಉದ್ದಕ್ಕೂ ಹಬ್ಬಿದೆ. ಪ್ರತಿ 1,000 ಅಡಿ ಏರಿದಂತೆ ಉಷ್ಣಾಂಶ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ.

ಅಲ್ಲಿನ ಜನ ಇದನ್ನು ನೋಡಿಯೇ ನೆಲವನ್ನು ವಿಂಗಡಿಸಿದ್ದಾರೆ. ಸುಮಾರು 3,300 ಅಡಿಯ ಕೆಳಗಿನದು ‘ಬಿಸಿ ನೆಲ’, ಅಲ್ಲಿಂದ 6,500 ಅಡಿಯವರೆಗೆ ‘ಹಿತ ನೆಲ’, ಅದರ ಮೇಲೆ 10,000 ಅಡಿಯವರೆಗೆ ‘ತಣ್ಣನೆಯ ನೆಲ’. ಕಡಲ ತೀರದ ಕಾರ್ತಹೇನಾ ಊರಿನಲ್ಲಿ ವರ್ಷವಿಡೀ ನಮ್ಮ ಮಂಗಳೂರಿನಂಥ ಸೆಕೆ. 5,000 ಅಡಿ ಎತ್ತರದ ಮೆದೆಯೀನ್ ನಗರದ ಸರಾಸರಿ ಉಷ್ಣಾಂಶ ಸುಮಾರು 22 ಡಿಗ್ರಿ. ಅದನ್ನು ‘ನಿತ್ಯ ವಸಂತದ ನಗರ’ ಎಂದೇ ಕರೆಯುತ್ತಾರೆ. ರಾಜಧಾನಿ ಬೊಗೊಟಾ ಇರುವುದು ಸುಮಾರು 8,600 ಅಡಿಯಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ 2,000 ಅಡಿಗೂ ಹೆಚ್ಚು ಮೇಲೆ. ಅಲ್ಲಿ ಸರಾಸರಿ 14 ಡಿಗ್ರಿ. ವರ್ಷವೆಲ್ಲ ಸ್ವೆಟರ್ ಬೇಕು.

ಮಳೆಯಲ್ಲಿಯೂ ಇಂಥದೇ ವೈವಿಧ್ಯ. ಪಶ್ಚಿಮದ ಚೊಕೊ ಪ್ರಾಂತದಲ್ಲಿ ಆಗುಂಬೆಯಂತೆ 280 ಅಂಗುಲಕ್ಕೂ ಮೀರಿ ಮಳೆಯಾಗುವ ಊರುಗಳಿದ್ದರೆ, ಉತ್ತರದ ತುದಿಯ ಗ್ವಾಹೀರಾ ಮರಳುಗಾಡು.

ಕಾಫಿಯ ಪಟ್ಟಿ

ಮನುಷ್ಯನಿಗೆ ಹಿತವಾದ ನೆಲವೇ ಅರೇಬಿಕಾಕ್ಕೂ ಹಿತ. ಸುಮಾರು 4,000 ದಿಂದ 6,500 ಅಡಿಯ ನಡುವೆ ಬೆಟ್ಟದ ಸೊಂಟಕ್ಕೆ ಕಟ್ಟಿದ ಪಟ್ಟಿಯಂತೆ ಅಲ್ಲಿನ ಕಾಫಿ ತೋಟಗಳಿವೆ. ಬೆಳೆಯುವವರು 5 ಲಕ್ಷಕ್ಕೂ ಹೆಚ್ಚು ಕುಟುಂಬಗಳು, ಬಹುಮಟ್ಟಿಗೆ ಎಲ್ಲರೂ ನಮ್ಮಂತೆ ಸಣ್ಣ ಹಿಡುವಳಿದಾರರು. 1927ರಲ್ಲಿ ಅವರು ಕಟ್ಟಿಕೊಂಡ ಬೆಳೆಗಾರರ ಒಕ್ಕೂಟ ಇಂದಿಗೂ ಕೆಲಸ ಮಾಡುತ್ತಿದೆ. ಈ ಸೀಮೆಯ ಒಂದು ಭಾಗವನ್ನು 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಸಾರಿತು.

ನಮ್ಮಲ್ಲಿ ಬೇಸಗೆಯ ಒಣಹವೆಯಲ್ಲಿ ಗಿಡ ತಡೆದುಕೊಂಡಿದ್ದು, ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಒಮ್ಮೆಲೇ ಬಿಳಿಯಾಗುತ್ತದಷ್ಟೆ. ಕೊಲಂಬಿಯಾದ ನಡುಭಾಗದಲ್ಲಿ ಹಾಗಿಲ್ಲ. ಏಪ್ರಿಲ್-ಮೇ ಒಂದು ಮಳೆಗಾಲ, ಅಕ್ಟೋಬರ್-ನವೆಂಬರ್ ಇನ್ನೊಂದು. ನಡುವಿನ ಒಣ ದಿನಗಳೂ ಪೂರ್ತಿ ಒಣಗಲ್ಲ. ಹೂವು ಹಲವು ಸಲ ಬಿಡುತ್ತದೆ. ಒಂದೇ ರೆಂಬೆಯಲ್ಲಿ ಹೂವು, ಹಸಿರು ಕಾಯಿ, ಹಣ್ಣು ಮೂರೂ ಇರುತ್ತವೆ. ವರ್ಷಕ್ಕೆ ಒಂದು ದೊಡ್ಡ ಕೊಯ್ಲು, ಆರು ತಿಂಗಳ ಮೇಲೆ ಒಂದು ಸಣ್ಣ ಕೊಯ್ಲು. ಮೋಡ ದಟ್ಟವಾಗಿರುವ ಕಡೆ ನೆರಳಿನ ಮರಗಳಿಲ್ಲದೆ ಬೆಳೆಯುವುದೂ ಉಂಟು.

ಎರಡು ಕೊಯ್ಲೆಂದರೆ ಎರಡು ಸಲ ಕೈಗೆ ಹಣ, ಅದು ವರ. ಇನ್ನು ಹೊರೆಯ ಮಾತು. ಆಳುಗಳು ಒಂದೇ ಗಿಡಕ್ಕೆ ಮತ್ತೆ ಮತ್ತೆ ಬಂದು ಹಣ್ಣನ್ನಷ್ಟೇ ಆರಿಸಬೇಕು. ಕಾಫಿ ಒಣಗಿಸಲು ನಂಬಿಕೆಯ ಬಿಸಿಲಿಲ್ಲ. ಮಳೆ ಬಂದೊಡನೆ ಎಳೆದು ಮುಚ್ಚಲು ಬರುವ ಜಾರು ಮಾಡನ್ನು ಕಣದ ಮೇಲೆ ಕಟ್ಟಿಕೊಂಡಿದ್ದಾರೆ. ಗಿಡದಲ್ಲಿ ಯಾವಾಗಲೂ ಕಾಯಿ ಇರುವುದರಿಂದ ಕಾಯಿಕೊರಕ ಹುಳುವಿಗೆ ಬಿಡುವೇ ಇಲ್ಲ. ಈ ಹುಳು ಅಲ್ಲಿಗೆ 1988ರಲ್ಲಿ ಕಾಲಿಟ್ಟಿತು. ನಮ್ಮ ನೆರೆಯ ನೀಲಗಿರಿಗೆ 1990ರಲ್ಲಿ.

ಹವೆ ಕೆಟ್ಟಾಗ

ಎಲೆ ತುಕ್ಕು ರೋಗ ಕೊಲಂಬಿಯಾಕ್ಕೆ ಬಂದದ್ದು 1983ರಲ್ಲಿ. ರೋಗ ಬರುವ ಮೊದಲೇ ಅಲ್ಲಿನ ಸಂಶೋಧಕರು ಕತೂರಾ ಮತ್ತು ಟಿಮೋರ್ ಸಂಕರದಿಂದ ನಿರೋಧಕ ತಳಿ ಸಿದ್ಧಪಡಿಸಿದ್ದರು. ನಮ್ಮ ‘ಕಾವೇರಿ’ ತಳಿಯ ಮೂಲವೂ ಇದೇ ಜೋಡಿ. ಆದರೂ ಬಹಳ ಮಂದಿ ಹಳೆಯ ಗಿಡಗಳನ್ನೇ ಇಟ್ಟುಕೊಂಡರು. 2008ರಿಂದ 2011ರವರೆಗೆ ಮೋಡ ಮಳೆ ಅತಿಯಾಗಿ ತುಕ್ಕು ಹಬ್ಬಿತು. 2007ರಲ್ಲಿ 60 ಕಿಲೋಗ್ರಾಂ ತೂಕದ ಸುಮಾರು 1 ಕೋಟಿ 26 ಲಕ್ಷ ಚೀಲವಿದ್ದ ಬೆಳೆ 2009ರಲ್ಲಿ 78 ಲಕ್ಷಕ್ಕೆ ಕುಸಿಯಿತು. ಒಕ್ಕೂಟ ನಿರೋಧಕ ತಳಿಗಳ ಮರುನಾಟಿಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡ ಮೇಲೆ 2015ರ ಹೊತ್ತಿಗೆ ಬೆಳೆ 1 ಕೋಟಿ 40 ಲಕ್ಷ ಚೀಲ ದಾಟಿತು. ವರ್ಷವಿಡೀ ಒಂದೇ ತೆರನಾದ ಹವೆಯನ್ನು ನಂಬಿದ ಬೆಳೆಗೆ ಎರಡು ಮೂರು ವರ್ಷದ ಏರುಪೇರು ಎಷ್ಟು ಪೆಟ್ಟು ಕೊಡಬಲ್ಲದೆಂಬುದಕ್ಕೆ ಇದು ಸಾಕ್ಷಿ. ನೆಲ ಬಿಸಿಯಾದಂತೆ ಕಾಫಿಯ ಪಟ್ಟಿ ಮೇಲಕ್ಕೆ ಸರಿಯಬೇಕಾಗುತ್ತದೆ. ಆದರೆ ಸಣ್ಣ ಬೆಳೆಗಾರ ತನ್ನ ಮೂರು ಎಕರೆಯನ್ನು ಎತ್ತಿಕೊಂಡು ಬೆಟ್ಟ ಹತ್ತಲಾರ.

ಅಡಿಕೆಯ ದಾಯಾದಿ

ಅಡಿಕೆ ಬೆಳೆಗಾರರು ನೋಡತಕ್ಕದ್ದೂ ಅಲ್ಲೊಂದಿದೆ. ಕಿಂದಿಯೋ ಪ್ರಾಂತದ ಕೊಕೊರಾ ಕಣಿವೆಯಲ್ಲಿ, ಕಾಫಿ ಪಟ್ಟಿಗಿಂತ ಮೇಲೆ, ಮೇಣದ ತಾಳೆ ಬೆಳೆಯುತ್ತದೆ. ಅಡಿಕೆಯ ಕುಲಕ್ಕೇ ಸೇರಿದ ಇದು ಜಗತ್ತಿನ ತಾಳೆಗಳಲ್ಲೆಲ್ಲ ಎತ್ತರದ್ದು. 200 ಅಡಿಯವರೆಗೂ ಏರುತ್ತದೆ. ಕಾಂಡಕ್ಕೆ ಬಿಳಿ ಮೇಣದ ಲೇಪವಿರುತ್ತದೆ. 1985ರಲ್ಲಿ ಇದನ್ನು ರಾಷ್ಟ್ರೀಯ ವೃಕ್ಷವೆಂದು ಸಾರಿ ಕಡಿಯುವುದನ್ನು ನಿಷೇಧಿಸಿದರು. ಆದರೆ ಸುತ್ತಲಿನ ಕಾಡು ಹುಲ್ಲುಗಾವಲಾಗಿದೆ. ಎಳೆಯ ಸಸಿ ಬಿಸಿಲಿಗೂ ದನಗಳ ಬಾಯಿಗೂ ಸಿಕ್ಕಿ ಉಳಿಯುವುದಿಲ್ಲ. ಪ್ರವಾಸಿಗಳು ಚಿತ್ರ ತೆಗೆಯುವ ಮರಗಳೆಲ್ಲ ಮುದಿ ಮರಗಳು. ಅವುಗಳ ಕೆಳಗೆ ಮರಿಗಳಿಲ್ಲ.

ಹೋಗುವವರಿಗೆ ನಾಲ್ಕು ಮಾತು

1. ಡಿಸೆಂಬರಿನಿಂದ ಮಾರ್ಚಿಯವರೆಗೆ ಹಾಗೂ ಜುಲೈ-ಆಗಸ್ಟ್‌ನಲ್ಲಿ ಮಳೆ ಕಡಿಮೆ. ಮಳೆಗಾಲದಲ್ಲಿ ಬೆಟ್ಟದ ರಸ್ತೆಗಳ ಮೇಲೆ ಗುಡ್ಡ ಜರಿಯುವುದುಂಟು.

2. ದೊಡ್ಡ ಕೊಯ್ಲು ನೋಡಬೇಕೆನ್ನುವವರು ಅಕ್ಟೋಬರ್-ನವೆಂಬರಿನಲ್ಲಿ ಕಾಲ್ದಾಸ್, ರಿಸರಾಲ್ದಾ, ಕಿಂದಿಯೋ ಪ್ರಾಂತಗಳಿಗೆ ಕೊಡೆ ಹಿಡಿದೇ ಹೋಗಬೇಕು. ಅಲ್ಲಿ ಎಷ್ಟೋ ಬೆಳೆಗಾರರು ನಮ್ಮ ಹೋಂಸ್ಟೇಗಳಂತೆ ತೋಟದ ಮನೆಯಲ್ಲೇ ಅತಿಥಿಗಳನ್ನು ಇರಿಸಿಕೊಳ್ಳುತ್ತಾರೆ.

3. ಬೊಗೊಟಾದಲ್ಲಿ ಮೊದಲ ದಿನ ಏದುಸಿರು, ತಲೆನೋವು ಬರಬಹುದು. ನಿಧಾನವಾಗಿ ನಡೆಯಬೇಕು, ನೀರು ಹೆಚ್ಚು ಕುಡಿಯಬೇಕು.

4. ಸಮಯವಿದ್ದರೆ ಉತ್ತರದ ಸಾಂತಾ ಮಾರ್ತಾ ಪರ್ವತವನ್ನು ಬಿಡಬಾರದು. ಕಡಲಿನಿಂದ ಕೇವಲ 40 ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಹಿಮದ ಶಿಖರ 18,000 ಅಡಿಗೂ ಮೇಲೆ ನಿಂತಿದೆ. ಅಲ್ಲಿ ಬೇಸಗೆ ಒಂದೇ, ಕೊಯ್ಲೂ ಒಂದೇ. ಅಲ್ಲಿನ ಬೆಳೆಗಾರನೂ ನಮ್ಮಂತೆ ಒಣ ತಿಂಗಳುಗಳನ್ನು ಕಳೆದು ಮಳೆಗಾಗಿ ಆಕಾಶ ನೋಡುವವನು. ಅವನೊಡನೆ ಮಾತಿಗೆ ಕುಳಿತರೆ ನಮಗೆ ಕೇಳಲೂ ಹೇಳಲೂ ಬೇಕಾದಷ್ಟಿದೆ.