ಖಿನ್ನತೆಯ ಮದ್ದೂ ಮಿದುಳೂ

ಜ್ವರ ಬಂದವರಿಗೆ ಮದ್ದು ಕೊಡಲು ನಾವು ಹಿಂದೆಮುಂದೆ ನೋಡುವುದಿಲ್ಲ. ಆದರೆ ಊಟ, ನಿದ್ರೆ, ಉತ್ಸಾಹಗಳನ್ನು ಕಳೆದುಕೊಂಡು ಮೂಲೆ ಹಿಡಿದು ಕುಳಿತವರಿಗೆ ವೈದ್ಯರು ಗುಳಿಗೆ ಬರೆದುಕೊಟ್ಟರೆ, ಮನಸ್ಸಿನ ಬೇನೆಗೆ ಗುಳಿಗೆಯೇ ಎಂದು ಶಂಕಿಸುವೆವು. ಹತ್ತು ದಿನದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿಯೂ ಬಿಡುವೆವು. ಆ ಮದ್ದು ಮಿದುಳಿನಲ್ಲಿ ಮಾಡುವ ಕೆಲಸವನ್ನು ತಿಳಿದರೆ ಈ ಅವಸರವು ತಪ್ಪೀತು.

ಇದರ ಶೋಧವೇ ಆಕಸ್ಮಿಕವಾದುದು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಔಷಧವನ್ನು ಕೊಟ್ಟಾಗ, ಅವರಲ್ಲಿ ಹಲವರು ಅಪೂರ್ವವಾದ ಉಲ್ಲಾಸವನ್ನು ತಾಳಿದರು. 1957ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರಾದ ರೋಲಾಂಡ್ ಕೂನ್ ಅವರು ಇಮಿಪ್ರಮಿನ್ ಎಂಬ ಮತ್ತೊಂದು ಔಷಧವು ಖಿನ್ನತೆಯನ್ನು ತಗ್ಗಿಸುವುದೆಂದು ಪ್ರಕಟಿಸಿದರು.

ಮಿದುಳಿನ ನರಕೋಶಗಳ ನಡುವೆ ಅತಿ ಸೂಕ್ಷ್ಮವಾದ ಸಂದುಗಳಿರುವುವು. ಸಂದೇಶವನ್ನು ದಾಟಿಸಬೇಕಾದಾಗ ಒಂದು ಕೋಶವು ಸೆರೊಟೋನಿನ್, ನಾರ್‌ಅಡ್ರಿನಲಿನ್ ಮೊದಲಾದ ದ್ರವ್ಯಗಳನ್ನು ಸಂದಿಗೆ ಬಿಡುವುದು. ಎದುರಿನ ಕೋಶವು ಅದನ್ನು ಗ್ರಹಿಸುವುದು. ಮಿಕ್ಕುದನ್ನು ಬಿಟ್ಟ ಕೋಶವೇ ಮರಳಿ ಹೀರಿಕೊಳ್ಳುವುದು. ಇಪ್ರೋನಿಯಾಜಿಡ್ ಈ ದ್ರವ್ಯಗಳನ್ನು ಒಡೆಯುವ ಕಿಣ್ವವನ್ನು ತಡೆದರೆ, ಇಮಿಪ್ರಮಿನ್ ಮರುಹೀರಿಕೆಯನ್ನೇ ತಡೆಯುವುದು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಲೂಓಕ್ಸೆಟಿನ್ ಮುಖ್ಯವಾಗಿ ಸೆರೊಟೋನಿನ್ನಿನ ಮರುಹೀರಿಕೆಗೆ ಅಡ್ಡಿಯಾಗುವುದು. ಹೀಗೆ ಸಂದಿನಲ್ಲಿ ದ್ರವ್ಯವು ಹೆಚ್ಚು ಹೊತ್ತು ನಿಲ್ಲುವುದು.

ಇದೆಲ್ಲವೂ ಕೆಲವು ಗಂಟೆಗಳಲ್ಲಿಯೇ ನಡೆಯತಕ್ಕ ಕಾರ್ಯ. ಆದರೆ ರೋಗಿಗೆ ಗುಣ ತಿಳಿಯಲು ಹಲವು ವಾರಗಳು ಬೇಕು. ಆದುದರಿಂದ ಸೆರೊಟೋನಿನ್ನಿನ ಕೊರತೆಯೇ ಖಿನ್ನತೆ, ಅದನ್ನು ತುಂಬಿದರೆ ಸಾಕು ಎಂಬ ಸರಳವಾದ ವಿವರಣೆಯು ನಿಲ್ಲದು. ದ್ರವ್ಯವು ಹೆಚ್ಚಿದ ಮೇಲೆ ಅದನ್ನು ಗ್ರಹಿಸುವ ಕೋಶಗಳು ಮೆಲ್ಲಮೆಲ್ಲನೆ ಹೊಂದಿಕೊಳ್ಳುವುವು, ನರಗಳ ಪರಸ್ಪರ ಸಂಬಂಧಗಳು ಮಾರ್ಪಡುವುವು ಎಂದು ಶಾಸ್ತ್ರಜ್ಞರು ಭಾವಿಸುವರು. ಮಳೆಯು ಒಂದೇ ದಿನದಲ್ಲಿ ಸುರಿದರೂ ಪೈರು ಏಳಲು ಕಾಲ ಬೇಕಷ್ಟೆ.

ಗೃಹಸ್ಥರು ಎಚ್ಚರದಿಂದಿರಬೇಕಾದುದು ಈ ನಡುವಣ ವಾರಗಳಲ್ಲಿ. ಗುಣಕ್ಕಿಂತ ಮೊದಲು ವಾಕರಿಕೆ, ನಿದ್ರಾಭಂಗ, ಚಡಪಡಿಕೆಗಳು ತೋರಬಹುದು. ಇಪ್ಪತ್ತೈದು ವರ್ಷದೊಳಗಿನವರಲ್ಲಿ ಕೆಲವರಿಗೆ ಆರಂಭದಲ್ಲಿ ಆತ್ಮಹತ್ಯೆಯ ಯೋಚನೆಯು ಹೆಚ್ಚಬಹುದಾದುದರಿಂದ ಅವರನ್ನು ಒಂಟಿಯಾಗಿ ಬಿಡಬಾರದು. ಅಂತಹ ಮಾತು ಕಿವಿಗೆ ಬಿದ್ದೊಡನೆ ವೈದ್ಯರಿಗೆ ತಿಳಿಸತಕ್ಕದ್ದು. ಮೊದಲ ಮದ್ದು ಎಲ್ಲರಿಗೂ ಒಗ್ಗದು. ಆಗ ವೈದ್ಯರು ಬೇರೊಂದನ್ನು ಕೊಡುವರು. ಗುಣವಾಯಿತೆಂದು ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಳವಳಗಳು ಬರಬಹುದು, ರೋಗವೂ ಮರುಕಳಿಸೀತು. ವೈದ್ಯರ ಸಲಹೆಯಂತೆ ಕ್ರಮಕ್ರಮವಾಗಿ ಇಳಿಸುವುದೇ ಸರಿಯಾದ ಮಾರ್ಗ.

ಗುಳಿಗೆಯ ಕೆಲಸವನ್ನು ಗುಳಿಗೆಯು ಮಾಡಲಿ. ಅದು ಫಲ ಕೊಡುವವರೆಗೆ ಬಳಲಿದವರನ್ನು ಸೋಮಾರಿಯೆಂದು ಜರೆಯದೆ, ಹೊತ್ತಿಗೆ ಊಟಕ್ಕೆ ಕರೆದು, ಬಳಿಯಲ್ಲಿ ಕುಳಿತು ನಾಲ್ಕು ಮಾತನಾಡುವ ಕೆಲಸವು ಮನೆಯವರಾದ ನಮ್ಮದು.